ಸೋಫಾದಿಂದ ಏಳದೆ ಎರಡು ಕಾರ್ಯಾಚರಣ ವ್ಯವಸ್ಥೆ: ಹೋಮ್ ಥಿಯೇಟರ್ ಕಂಪ್ಯೂಟರ್ ಕಟ್ಟಿದ ನನ್ನ ಅನುಭವ

ಟಿವಿಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಲಿನಕ್ಸ್ ಮತ್ತು ವಿಂಡೋಸ್ ಎರಡನ್ನೂ ಇಟ್ಟುಕೊಳ್ಳಲು ನನಗೆ ಸ್ಪಷ್ಟವಾದ ಕಾರಣವಿತ್ತು. ನನ್ನ ಸ್ವಂತ ಸಂಗ್ರಹದ ಚಲನಚಿತ್ರಗಳನ್ನೂ ಸಂಗೀತವನ್ನೂ ಆಸ್ವಾದಿಸಲು ಲಿನಕ್ಸ್ ಮೇಲೆ ಓಡುವ ಕೋಡಿಯಷ್ಟು ನೆಮ್ಮದಿಯ ತಂತ್ರಾಂಶ ನನಗೆ ಬೇರೊಂದು ಕಂಡಿಲ್ಲ. ಆದರೆ ಚಂದಾ ಕಟ್ಟಿ ನೋಡುವ ಸ್ಟ್ರೀಮಿಂಗ್ ಸೇವೆಗಳ ಮಾತು ಬೇರೆ: ಲಿನಕ್ಸ್ ಬ್ರೌಸರುಗಳಲ್ಲಿ ವೈಡ್‌ವೈನ್ ನಕಲು ರಕ್ಷಣೆಯ ಕೆಳಹಂತ ಮಾತ್ರ ದೊರೆಯುವುದರಿಂದ ಹಲವು ಸೇವೆಗಳು ಅಲ್ಲಿಗೆ 4ಕೆ ಚಿತ್ರವನ್ನು ಕಳುಹಿಸುವುದೇ ಇಲ್ಲ. ಹಾಗಾಗಿ ಸಂಗ್ರಹಕ್ಕೆ ಲಿನಕ್ಸ್, ಸ್ಟ್ರೀಮಿಂಗ್‌ಗೆ ವಿಂಡೋಸ್ ಎಂದು ಕೆಲಸ ಹಂಚಿದೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಮನೆಯವರು ಯಾರೂ ಕೀಬೋರ್ಡ್ ಹುಡುಕುವಂತಾಗಬಾರದು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿದ್ದೆ.

ಎರಡೂ ವ್ಯವಸ್ಥೆಗಳನ್ನು ಒಂದೇ ಡಿಸ್ಕಿನಲ್ಲಿ ವಿಭಾಗ ಮಾಡಿ ಕೂರಿಸಬಹುದಾದರೂ ನಾನು ಪ್ರತಿಯೊಂದಕ್ಕೂ ಪ್ರತ್ಯೇಕ ಎಸ್‌ಎಸ್‌ಡಿ ಕೊಟ್ಟೆ. ಕಂಪ್ಯೂಟರನ್ನು ಆರಂಭಿಸುವ (ಬೂಟ್) ಕಡತಗಳಿರುವ ಇಎಫ್‌ಐ ವಿಭಾಗ ಎರಡರಲ್ಲೂ ಬೇರೆಬೇರೆಯಾಗಿದ್ದರೆ, ಒಂದರ ನವೀಕರಣ ಇನ್ನೊಂದರ ಕಡತಗಳಿಗೆ ಕೈಹಾಕುವ ಸಂಭವ ಬಹಳ ಕಡಿಮೆ. ವಿಂಡೋಸ್ ಅನುಸ್ಥಾಪಿಸುವಾಗ ಉಳಿದ ಡಿಸ್ಕುಗಳನ್ನೆಲ್ಲ ಕಳಚಿಡುವುದು ಅಗತ್ಯ. ಏಕೆಂದರೆ ಬೇರೆ ಡಿಸ್ಕಿನಲ್ಲಿ ಇಎಫ್‌ಐ ವಿಭಾಗ ಕಂಡರೆ ಅದರ ಅನುಸ್ಥಾಪಕ ತನ್ನ ಬೂಟ್ ಕಡತಗಳನ್ನು ಅಲ್ಲಿಯೇ ಇರಿಸಿಬಿಡಬಲ್ಲದು. ವಿಂಡೋಸ್ ಡಿಸ್ಕ್ ಬಿಟ್‌ಲಾಕರ್‌ನಿಂದ ಗೂಢಲಿಪೀಕರಣಗೊಂಡಿದ್ದರೆ, ಸೆಕ್ಯೂರ್ ಬೂಟ್ (ಸಹಿಯಿರುವ ತಂತ್ರಾಂಶದಿಂದ ಮಾತ್ರ ಆರಂಭವಾಗಲು ಬಿಡುವ ರಕ್ಷಣೆ) ಮುಂತಾದವುಗಳನ್ನು ಬದಲಿಸುವ ಮೊದಲು ಅದರ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಬೇಕು.

ಚಲನಚಿತ್ರಗಳೆಲ್ಲ ಮೂರನೆಯ, ದೊಡ್ಡ ಡಿಸ್ಕಿನಲ್ಲಿವೆ. ಎರಡೂ ವ್ಯವಸ್ಥೆಗಳು ಅದನ್ನು ಓದಬೇಕಾದ್ದರಿಂದ ವಿಂಡೋಸಿನ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಆರಿಸಿದೆ. 2021ರಲ್ಲಿ ಬಂದ 5.15ನೆಯ ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನಲ್ಲಿಯೇ ಅದನ್ನು ಓದಿ ಬರೆಯುವ ಹೊಸ ಡ್ರೈವರ್ ಇದೆ. ಇಲ್ಲಿ ಗಮನಿಸಲೇಬೇಕಾದ ಸಂಗತಿ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್. ಅದು ಚಾಲ್ತಿಯಲ್ಲಿದ್ದಾಗ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳದೆ ಅರ್ಧ ಹೈಬರ್ನೇಟ್ ಆದ ಸ್ಥಿತಿಯಲ್ಲಿ ಉಳಿಯುತ್ತದೆ. ಆಗ ಲಿನಕ್ಸ್ ಆ ಡಿಸ್ಕನ್ನು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯುವುದನ್ನೇ ನಿರಾಕರಿಸುತ್ತದೆ. ಪವರ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಿಯೇ ನಾನು ಮುಂದುವರಿದೆ. ಗಡಿಯಾರದ ವ್ಯತ್ಯಾಸವೂ ಹೀಗೆಯೇ: ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯವೆಂದು ವಿಂಡೋಸ್, ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಲಿನಕ್ಸ್ ಭಾವಿಸುತ್ತವೆ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇರಿಸುವ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯ ಸೇರಿಸಿ ವಿಂಡೋಸನ್ನೂ ಯುಟಿಸಿಗೆ ಒಪ್ಪಿಸಿದೆ.

ಇನ್ನು ಇಡೀ ಕೆಲಸದ ತಿರುಳಿಗೆ ಬರುತ್ತೇನೆ. ಡ್ಯುಯಲ್ ಬೂಟ್ ಎಂದೊಡನೆ ಎಲ್ಲರಿಗೂ ನೆನಪಾಗುವುದು, ಆರಂಭದಲ್ಲಿ ಯಾವ ವ್ಯವಸ್ಥೆ ಬೇಕೆಂದು ಕೇಳುವ ಗ್ರಬ್ ತಂತ್ರಾಂಶದ ಆಯ್ಕೆಪಟ್ಟಿ. ಮೇಜಿನ ಮೇಲಿನ ಕಂಪ್ಯೂಟರಿಗೆ ಅದು ಸರಿಯಾದರೂ ಟಿವಿಯ ಮುಂದೆ ಅದರಿಂದ ಪ್ರಯೋಜನ ಕಡಿಮೆ. ಬ್ಲೂಟೂತ್ ರಿಮೋಟ್ ಆ ಹಂತದಲ್ಲಿ ಕೆಲಸ ಮಾಡುವುದಿಲ್ಲ, ಅಕ್ಷರಗಳೋ ದೂರದಿಂದ ಕಾಣದಷ್ಟು ಚಿಕ್ಕವು. ಆದ್ದರಿಂದ ನಾನು ಆಯ್ಕೆಪಟ್ಟಿಯನ್ನು ಅಡಗಿಸಿ, ಮದರ್‌ಬೋರ್ಡಿನ ಆರಂಭಿಕ ತಂತ್ರಾಂಶವಾದ (ಫರ್ಮ್‌ವೇರ್) ಯುಇಎಫ್‌ಐನಲ್ಲಿರುವ ಬೂಟ್ ನೆಕ್ಸ್ಟ್ ಸೌಲಭ್ಯವನ್ನು ನೆಚ್ಚಿಕೊಂಡೆ. ಮುಂದಿನ ಒಂದು ಬಾರಿಗೆ ಮಾತ್ರ ಯಾವುದರಿಂದ ಆರಂಭವಾಗಬೇಕೆಂದು ಫರ್ಮ್‌ವೇರಿಗೆ ಹೇಳಿಡುವ ವ್ಯವಸ್ಥೆ ಇದು. ಒಮ್ಮೆ ಬಳಕೆಯಾದ ಕೂಡಲೇ ತಾನಾಗಿಯೇ ಅಳಿಸಿಹೋಗುತ್ತದೆ. ಬೂಟ್ ಕ್ರಮದಲ್ಲಿ ಲಿನಕ್ಸನ್ನು ಮೊದಲಿಗೆ ಇರಿಸಿ, ಬೂಟ್ ನೆಕ್ಸ್ಟ್‌ಗೆ ವಿಂಡೋಸನ್ನು ಬರೆದು ರೀಸ್ಟಾರ್ಟ್ ಮಾಡುವ ಎರಡು ಸಾಲಿನ ಸ್ಕ್ರಿಪ್ಟ್ ಸಿದ್ಧಪಡಿಸಿ, ಯಾವ ಗುಂಡಿಗೆ ಯಾವ ಕೆಲಸವೆಂದು ಹೇಳುವ ಕೋಡಿಯ ಕೀಮ್ಯಾಪ್ ಮೂಲಕ ಅದನ್ನು ರಿಮೋಟಿನ ಒಂದು ಬಣ್ಣದ ಗುಂಡಿಗೆ ಕಟ್ಟಿದೆ. ಇದಕ್ಕೆ ರೂಟ್ (ನಿರ್ವಾಹಕ) ಅಧಿಕಾರ ಬೇಕಾದ್ದರಿಂದ ಆ ಸ್ಕ್ರಿಪ್ಟ್ ಒಂದಕ್ಕೆ ಮಾತ್ರ ಪಾಸ್‌ವರ್ಡ್ ಇಲ್ಲದ ಅನುಮತಿ ಕೊಟ್ಟಿದ್ದೇನೆ. ಕೋಡಿಯ ಬಳಕೆದಾರನಿಗೆ ಸಂಪೂರ್ಣ ಅಧಿಕಾರ ಕೊಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ವಿಂಡೋಸಿನಿಂದ ಮರಳಲು ಏನನ್ನೂ ಮಾಡಬೇಕಿಲ್ಲ, ರೀಸ್ಟಾರ್ಟ್ ಕೊಟ್ಟರೆ ಸಾಕು.

ಈ ಏರ್ಪಾಡಿಗೆ ಒಂದು ಮಿತಿಯಿದೆ. ವಿಂಡೋಸಿನ ದೊಡ್ಡ ನವೀಕರಣಗಳು ನಡುನಡುವೆ ತಾವೇ ರೀಸ್ಟಾರ್ಟ್ ಮಾಡುತ್ತವೆ, ಪ್ರತಿ ಬಾರಿಯೂ ಯಂತ್ರ ಲಿನಕ್ಸಿಗೆ ಹೊರಳಿ ನವೀಕರಣ ಅರ್ಧಕ್ಕೆ ನಿಂತು ಕಾಯುತ್ತದೆ. ಅಂಥ ದಿನ ಫರ್ಮ್‌ವೇರಿಗೆ ಹೋಗಿ ಬೂಟ್ ಕ್ರಮದಲ್ಲಿ ವಿಂಡೋಸನ್ನು ಮೇಲಕ್ಕೆ ತಂದು, ಎಲ್ಲ ಮುಗಿದ ಮೇಲೆ ಮೊದಲಿನಂತೆ ಮಾಡುತ್ತೇನೆ.

ರಿಮೋಟ್ ವಿಷಯದಲ್ಲಿ ಯುಎಸ್‌ಬಿ ರಿಸೀವರ್ ಇರುವುದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬ್ಲೂಟೂತ್ ಸಾಧನವನ್ನು ಒಂದು ವ್ಯವಸ್ಥೆಯಲ್ಲಿ ಜೋಡಿಸಿ, ಬಳಿಕ ಇನ್ನೊಂದರಲ್ಲಿ ಜೋಡಿಸಿದರೆ ಹೊಸ ಕೀಲಿ ಸೃಷ್ಟಿಯಾಗಿ ಹಳೆಯ ಜೋಡಣೆ ಸಾಮಾನ್ಯವಾಗಿ ಮುರಿದುಬೀಳುತ್ತದೆ. ರಿಸೀವರ್ ಇರುವ ರಿಮೋಟ್ ಎರಡೂ ಕಡೆ ಸಾಧಾರಣ ಕೀಬೋರ್ಡಿನಂತೆಯೇ ಗುರುತಿಸಿಕೊಳ್ಳುತ್ತದೆ.

ಚಿತ್ರದ ಗುಣಮಟ್ಟದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಕೋಡಿಯ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆ. ಚಲನಚಿತ್ರಗಳು ಬಹುಪಾಲು ಸೆಕೆಂಡಿಗೆ 24 ಅಥವಾ 23.976 ಫ್ರೇಮುಗಳಲ್ಲಿರುತ್ತವೆ. ಟಿವಿ 60 ಹರ್ಟ್ಸ್‌ನಲ್ಲಿಯೇ ಇದ್ದರೆ ಒಂದು ಫ್ರೇಮನ್ನು ಮೂರು ಬಾರಿ, ಮುಂದಿನದನ್ನು ಎರಡು ಬಾರಿ ತೋರಿಸಬೇಕಾಗುತ್ತದೆ, ಕ್ಯಾಮೆರಾ ನಿಧಾನವಾಗಿ ಅಡ್ಡಕ್ಕೆ ಚಲಿಸುವ ದೃಶ್ಯಗಳಲ್ಲಿ ಇದು ತಡವರಿಕೆಯಾಗಿ ಕಣ್ಣಿಗೆ ಬೀಳುತ್ತದೆ. ಈ ಆಯ್ಕೆಯನ್ನು ಚಾಲೂ ಮಾಡಿದರೆ ಚಿತ್ರ ಆರಂಭವಾಗುವಾಗ ಟಿವಿಯೇ ಆ ದರಕ್ಕೆ ಬದಲಾಗಿ ಚಲನೆ ಸಲೀಸಾಗುತ್ತದೆ. ಪ್ರೊಸೆಸರ್ ಆರಿಸುವಾಗ 10 ಬಿಟ್ ಎಚ್‌ಇವಿಸಿ ಎಂಬ ಸಂಕುಚಿತ ವೀಡಿಯೊ ರೂಪವನ್ನು ಹಾರ್ಡ್‌ವೇರಿನಲ್ಲಿಯೇ ಬಿಡಿಸುವುದನ್ನು ನೋಡಿಕೊಳ್ಳಬೇಕು. ಇಂಟೆಲ್‌ನಲ್ಲಿ ಏಳನೆಯ ಪೀಳಿಗೆಯಿಂದ ಅದು ಲಭ್ಯ. ಅಂಥದೇ ಇನ್ನೊಂದು ರೂಪವಾದ ಎವಿ1 ಕೂಡ ಬೇಕೆಂದರೆ ಹನ್ನೊಂದನೆಯ ಪೀಳಿಗೆಯ ಟೈಗರ್ ಲೇಕ್ ಅಥವಾ ಆಮೇಲಿನದು ಬೇಕು.

ಧ್ವನಿಗೆ ಕೋಡಿಯಲ್ಲಿ ಆಲ್ಸಾ (ಲಿನಕ್ಸಿನ ಧ್ವನಿ ವ್ಯವಸ್ಥೆ) ನಿರ್ಗಮವನ್ನು ಆರಿಸಿ ಪಾಸ್‌ಥ್ರೂ ಚಾಲೂ ಮಾಡಿದ್ದೇನೆ; ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಧ್ವನಿಪಥಗಳು ಎಚ್‌ಡಿಎಂಐ ಮೂಲಕ ಇದ್ದ ಹಾಗೆಯೇ ಸ್ಪೀಕರುಗಳನ್ನು ನಡೆಸುವ ಎವಿ ರಿಸೀವರ್ ತಲುಪಿ ಅಲ್ಲಿಯೇ ಬಿಡಿಸಿಕೊಳ್ಳುತ್ತವೆ. ಹೀಗೆ ಮಾಡಿದಾಗ ಕೋಡಿಯ ವಾಲ್ಯೂಮ್ ಕೆಲಸ ಮಾಡುವುದಿಲ್ಲ, ಏರಿಳಿಸುವುದೇನಿದ್ದರೂ ಎವಿ ರಿಸೀವರಿನ ರಿಮೋಟಿನಿಂದಲೇ ಆಗಬೇಕು.