ಹೆಪ್ಪುಗಟ್ಟಿದ ಗ್ಲೇಶಿಯಲ್ ಡ್ರಮ್ಮು: 32 ಡಿಗ್ರಿ ದಾಟದೆ ಕರಗಿಸಿದ ನನ್ನ ಅನುಭವ

ಗ್ಲೇಶಿಯಲ್ ಅಸಿಟಿಕ್ ಆಸಿಡ್ (ನೀರು ಬೆರೆಯದ, ಹೆಚ್ಚುಕಡಿಮೆ ಶುದ್ಧ ಅಸಿಟಿಕ್ ಆಸಿಡ್) 16.6 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, 39ರ ಆಸುಪಾಸಿನಲ್ಲಿ ಅದರ ಆವಿಗೆ ಬೆಂಕಿ ಹತ್ತುತ್ತದೆ. ಕೆಲಸಕ್ಕೆ ಸಿಗುವ ಉಷ್ಣತೆಯ ಅಂತರ ಅಷ್ಟೇ ಚಿಕ್ಕದು. ಚಳಿ ಬಂದರೆ ಸಾಕು, 200 ಲೀಟರಿನ ಡ್ರಮ್ಮುಗಳು ಕಲ್ಲಾಗಿ ಕೂರುತ್ತವೆ. ಆಗ ಯಾರಾದರೂ ಸ್ಟೀಮ್ ಹೋಸ್ ಎಳೆದು ತರುತ್ತಾರೆ, ಇಲ್ಲವೇ ಬೆಲ್ಟ್ ಹೀಟರ್ ಸುತ್ತುತ್ತಾರೆ. ಬೆಚ್ಚಗಿನ ನೀರಿನಿಂದಲೇ ಕರಗಿಸಬಹುದು ಎಂದಾಗ ಜೊತೆಯವರಲ್ಲಿ ಒಪ್ಪಿದವರು ಯಾರೂ ಇಲ್ಲ. "ವಾರ ಹಿಡಿಯುತ್ತೆ" ಎಂದರು. ವಾರ ಹಿಡಿಯಲಿಲ್ಲ. ನಾಲ್ಕು ಡ್ರಮ್ಮು ಪೂರ್ತಿ ನೀರಾಗಲು ಸುಮಾರು 45 ಗಂಟೆ ಸಾಕಾಯಿತು.

ಲೆಕ್ಕ ಹೀಗೆ. ಒಂದು ಡ್ರಮ್ಮಿನಲ್ಲಿ ಹೆಚ್ಚುಕಡಿಮೆ 210 ಕಿಲೋ ಆಸಿಡ್. ಒಂದು ಕಿಲೋ ಕರಗಲು 195 ಕಿಲೋಜೌಲ್ ಬೇಕು, ಅಂದರೆ ಡ್ರಮ್ಮಿಗೆ 41 ಮೆಗಾಜೌಲ್. ಸುತ್ತಲಿನ ಗಾಳಿ 32 ಡಿಗ್ರಿ ಇದ್ದರೆ ಡ್ರಮ್ಮಿನ ಮೈ ತಾನಾಗಿಯೇ 240-250 ವಾಟ್ ಎಳೆದುಕೊಳ್ಳುತ್ತದೆ. ಭಾಗಿಸಿದರೆ ಎರಡು ದಿನಕ್ಕೂ ಕೊಂಚ ಕಡಿಮೆ. ಕಾಗದದ ಲೆಕ್ಕಕ್ಕೂ ಗಡಿಯಾರಕ್ಕೂ ಇಷ್ಟು ಹತ್ತಿರದ ಹೊಂದಿಕೆ ಬರುತ್ತದೆಂದು ನಾನೂ ಎಣಿಸಿರಲಿಲ್ಲ.

32 ಎಂಬ ಅಂಕಿಯನ್ನು ಸುಮ್ಮನೆ ಆರಿಸಿದ್ದಲ್ಲ. 30 ಡಿಗ್ರಿಯಲ್ಲಿ ಈ ಆಸಿಡ್ಡಿನ ಆವಿ ಒತ್ತಡ ಸುಮಾರು 20 ಮಿ.ಮೀ. ಪಾದರಸ. ವಾತಾವರಣದ ಒತ್ತಡವಾದ 760ಕ್ಕೆ ಹೋಲಿಸಿದರೆ ನೂರಕ್ಕೆ 2.6. ಬೆಂಕಿ ಹತ್ತಲು ಗಾಳಿಯಲ್ಲಿ ನೂರಕ್ಕೆ 4ರಷ್ಟಾದರೂ ಆವಿ ಇರಬೇಕು. 32ಕ್ಕೆ ಬಂದರೂ 3ರ ಹತ್ತಿರ ನಿಲ್ಲುತ್ತದೆ. ಅಂದರೆ ಡ್ರಮ್ಮಿನ ಒಳಗಿನ ಖಾಲಿ ಜಾಗ ಆವಿಯಿಂದ ಪೂರ್ತಿ ತುಂಬಿದ್ದರೂ ಅದು ಹತ್ತಿಕೊಳ್ಳುವ ಮಟ್ಟ ಮುಟ್ಟುವುದಿಲ್ಲ. ಸ್ಟೀಮ್ ಹಿಡಿದ ಡ್ರಮ್ಮಿನಲ್ಲಿ ಹಾಗಲ್ಲ. ನಡುವೆ ಗಡ್ಡೆ ಇನ್ನೂ ಕಲ್ಲಾಗಿರುವಾಗಲೇ ಅಂಚಿನ ಆಸಿಡ್ 60-70 ಮುಟ್ಟಿರುತ್ತದೆ, ಬಂಗ್ (ಡ್ರಮ್ಮಿನ ಬಾಯಿಯ ಬಿರಡೆ) ಬಿಚ್ಚಿದ ಕೂಡಲೇ ಹೊರಬರುವ ಆವಿ ಬೆಂಕಿಗೆ ಸಿದ್ಧವಾಗಿರುತ್ತದೆ.

ಇನ್ನು ಕಟ್ಟಿದ್ದು. ನಾಲ್ಕು ಡ್ರಮ್ಮು ಹಿಡಿಯುವ, ಗೋಡೆಗೆ ಇನ್ಸುಲೇಶನ್ ಇರುವ ಕೋಣೆ. ನೆಲಕ್ಕೆ ಆಸಿಡ್ ತಡೆಯುವ ಟೈಲ್ಸ್, ಒಂದು ಡ್ರಮ್ಮು ಪೂರ್ತಿ ಸೋರಿದರೂ ಹಿಡಿಯುವಷ್ಟು ಎತ್ತರದ ಹೊಸ್ತಿಲು. ಒಳಗೆ ವಿದ್ಯುತ್ತಿನದ್ದು ಏನೂ ಇಲ್ಲ, ಬಲ್ಬು ಕೂಡ ಇಲ್ಲ. ಮೂರು ಗೋಡೆಗೆ 316 ಸ್ಟೇನ್‌ಲೆಸ್ ಪೈಪಿನ ಕಾಯಿಲ್. ಹೀಟರ್, ಪಂಪು, ಟ್ಯಾಂಕು ಗೋಡೆಯ ಆಚೆ, ದೂರದಲ್ಲಿ. ನೀರು 36 ಡಿಗ್ರಿ ಮೀರದಂತೆ ಥರ್ಮೋಸ್ಟ್ಯಾಟ್. ಹೊರಗಿನ ಚಿಕ್ಕ ಬ್ಲೋವರ್ ತಾಜಾ ಗಾಳಿಯನ್ನು ಮೇಲಿನಿಂದ ನೂಕುತ್ತದೆ, ಗಾಳಿ ಹೊರಹೋಗುವ ಕಿಂಡಿ ನೆಲಮಟ್ಟದಲ್ಲಿ. ಈ ಆವಿ ಗಾಳಿಗಿಂತ ಎರಡು ಪಟ್ಟು ಭಾರ. ಕಿಂಡಿಯನ್ನು ಚಾವಣಿಗೆ ಹತ್ತಿರ ಇಟ್ಟರೆ ಆವಿ ನೆಲದಲ್ಲೇ ಉಳಿಯುತ್ತದೆ. ಮೊದಲು ಒಳಗಿನ ಗಾಳಿಯನ್ನೇ ಸುತ್ತಿಸುವ ಫ್ಯಾನ್ ಯೋಚಿಸಿದ್ದೆವು. ಆವಿ ಮೋಟಾರಿನ ಮೇಲೇ ಹಾದುಹೋಗುತ್ತದೆಂದು ಬಿಟ್ಟೆವು. ಕಾಯಿಲನ್ನು ಯಾವ ಅಂತರದಲ್ಲಿ ಸುತ್ತಿ, ನೀರನ್ನು ಯಾವ ತುದಿಯಿಂದ ಬಿಟ್ಟರೆ ನಾಲ್ಕೂ ಡ್ರಮ್ಮು ಒಟ್ಟಿಗೆ ಕರಗುತ್ತವೆ ಎಂಬುದಕ್ಕೆ ಎರಡು ಚಳಿಗಾಲ ಹೋಯಿತು. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಖರ್ಚು ಒಟ್ಟು ಆರೇಳು ತುಂಬಿದ ಡ್ರಮ್ಮಿನ ಬೆಲೆಯಷ್ಟು ಬಂತು. ಸ್ಫೋಟ ನಿರೋಧಕ ಡ್ರಮ್ ಹೀಟರಿಗೆ ಹೇಳಿದ್ದ ಬೆಲೆ ಅದರ ಮೂರು ಪಟ್ಟು. ದುಡ್ಡು ಹೆಚ್ಚಾಗಿ ಹೋದದ್ದು ಇನ್ಸುಲೇಶನ್ನಿಗೆ. ಹೀಟರ್ ಅಗ್ಗ, 3 ಕಿಲೋವಾಟ್ ಧಾರಾಳ. ಉಳಿಸಲು ಹೋಗಿ ಪೆಟ್ಟು ತಿಂದದ್ದು ಥರ್ಮೋಸ್ಟ್ಯಾಟಿನಲ್ಲಿ. ಒಂದನ್ನೇ ಹಾಕಿದ್ದೆವು. ಅದು ಸಿಕ್ಕಿಹಾಕಿಕೊಂಡು ನೀರು 55ರವರೆಗೆ ಏರಿತು. ಪುಣ್ಯಕ್ಕೆ ಡ್ರಮ್ಮುಗಳು ಆಗಷ್ಟೇ ಒಳಗೆ ಬಂದಿದ್ದವು, ಪೂರ್ತಿ ಗಡ್ಡೆಯಾಗಿದ್ದವು. ಆಮೇಲೆ 40ಕ್ಕೆ ಕರೆಂಟು ಕಡಿಯುವ, ಕೈಯಿಂದಲೇ ಮತ್ತೆ ಒತ್ತಬೇಕಾದ ಎರಡನೆಯ ಕಟೌಟ್ ಬಂತು. ಅದರ ಸೆನ್ಸಾರ್ ಬೇರೆ, ವೈರು ಬೇರೆ. ಇದಿಲ್ಲದೆ ಈ ಕೋಣೆಯನ್ನು ಯಾರೂ ನಡೆಸಬೇಡಿ.

ಡ್ರಮ್ಮಿನ ಬಂಗ್ ಮುಚ್ಚಿಯೇ ಕಾಯಿಸಿದರೆ ಒತ್ತಡ ಕಟ್ಟುತ್ತದೆ. ಈ ಆಸಿಡ್ ನೀರಿನ ಹಾಗಲ್ಲ. ಹೆಪ್ಪುಗಟ್ಟಿದಾಗ ಕುಗ್ಗುತ್ತದೆ, ಕರಗಿದಾಗ ಹಿಗ್ಗುತ್ತದೆ, ಅದೂ ನೂರಕ್ಕೆ ಹದಿನೈದರ ಮೇಲೆ. ತೆರೆದಿಟ್ಟರೆ ಕೋಣೆಯಲ್ಲಿ ನಿಲ್ಲಲಾಗದು, ಎಂಟು ಗಂಟೆಯ ಕೆಲಸಕ್ಕೆ ಮಿತಿ ಬರೀ 10 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಹತ್ತು ಪಾಲು ಆವಿ). ಹಾಗಾಗಿ ಚಿಕ್ಕ ಬಂಗಿನ ಜಾಗಕ್ಕೆ ಪಾಲಿಪ್ರೊಪಿಲೀನ್ ಅಡಾಪ್ಟರ್, ಅಲ್ಲಿಂದ ಹೋಸ್, ಹೋಸಿನ ತುದಿ ಹೊರಗಿನ ಸೋಡಾ ನೀರಿನ (ಸೋಡಾ ಆ್ಯಶ್, ಅಂದರೆ ಸೋಡಿಯಂ ಕಾರ್ಬೊನೇಟ್ ಕರಗಿಸಿದ ನೀರು) ಕ್ಯಾನಿನಲ್ಲಿ. ಇದರಲ್ಲೂ ಒಮ್ಮೆ ಸೋತೆವು. ರಾತ್ರಿ ಕರೆಂಟು ಹೋಗಿ ಡ್ರಮ್ಮು ತಣ್ಣಗಾದಾಗ ಸೋಡಾ ನೀರು ಹಿಂದಕ್ಕೆ ಎಳೆದುಕೊಂಡು ಆಸಿಡ್ಡಿಗೇ ಸೇರಿತು, ನೊರೆ ಬಂತು, ಡ್ರಮ್ಮು ಉಬ್ಬಿತು. ಆ ಡ್ರಮ್ಮು ಪೂರ್ತಿ ಹಾಳು. ಈಗ ನಡುವೆ ಒಂದು ಖಾಲಿ ಕ್ಯಾನ್ ಇದೆ, ಎಳೆದುಕೊಂಡರೂ ನೀರು ಅಲ್ಲೇ ಉಳಿಯುತ್ತದೆ.

ಆಸಿಡ್ ಹರಿಯುವ ಪೈಪ್ ಲೈನು ಹೆಪ್ಪುಗಟ್ಟಿ ಕಟ್ಟಿಕೊಂಡರೆ ಇದೇ ಹಿಗ್ಗುವಿಕೆ ಶತ್ರು. ಪೈಪಿನ ನಡುವೆ ಸ್ಟೀಮ್ ಹಿಡಿದರೆ ಕರಗಿದ ಆಸಿಡ್ಡಿಗೆ ಎರಡೂ ಕಡೆ ಗಡ್ಡೆಯ ಬಿರಡೆ. ಹೋಗಲು ದಾರಿಯಿಲ್ಲದೆ ಗ್ಯಾಸ್ಕೆಟ್ ಸೀಳಿ ಹಾರುತ್ತದೆ. ಕಾಯಿಸುವುದು ತೆರೆದ ತುದಿಯಿಂದಲೇ ಶುರುವಾಗಬೇಕು, ಒಂದೊಂದು ಅಡಿಯಾಗಿ ಹಿಂದಕ್ಕೆ. ನಮ್ಮ ಲೈನಿಗೆ ಈಗ ಅದೇ 36 ಡಿಗ್ರಿ ನೀರಿನ ಸ್ಟೇನ್‌ಲೆಸ್ ಟ್ರೇಸಿಂಗ್, ಅಂದರೆ ಲೈನಿನ ಉದ್ದಕ್ಕೂ ತಾಗಿಕೊಂಡು ಹೋಗುವ ಬೆಚ್ಚಗಿನ ಕೊಳವೆ. ತಾಮ್ರದ ಕೊಳವೆ ಬಗ್ಗಿಸಲು ಸುಲಭ ನಿಜ, ಆದರೆ ಸೋರಿದ ಆಸಿಡ್ ಅದನ್ನು ತಿನ್ನುತ್ತದೆ. ಫ್ಲ್ಯಾಂಜಿನ (ಪೈಪಿನ ಜೋಡಣೆಯ) ಮೇಲೆ ಇನ್ಸುಲೇಶನ್ ಸುತ್ತಲೇಬಾರದು. ಸೋರಿಕೆ ಉಣ್ಣೆಯೊಳಗೆ ಹೀರಿಕೊಂಡು ವಾರಗಟ್ಟಲೆ ಕಾಣುವುದೇ ಇಲ್ಲ. ಅಲ್ಲಿ ಟೆಫ್ಲಾನ್ ಸ್ಪ್ರೇ ಗಾರ್ಡ್ ಸಾಕು. ಗ್ಯಾಸ್ಕೆಟ್ಟೂ ಪಂಪಿನ ಡಯಾಫ್ರಾಮೂ ಟೆಫ್ಲಾನೇ ಆಗಬೇಕು. ದುಬಾರಿಯದ್ದು ಗಟ್ಟಿ ಎಂದು ವೈಟಾನ್ ರಬ್ಬರ್ ಹಾಕಿದ್ದೆವು, ಉಬ್ಬಿ ಮೆತ್ತಗಾಯಿತು. ಸಾದಾ ಕಬ್ಬಿಣದ ಒಂದು ನಿಪ್ಪಲ್ಲೂ ಒಳಗೆ ಸೇರಬಾರದು. ತುಕ್ಕಿನ ಮಾತು ಹಾಗಿರಲಿ, ಆಸಿಡ್ಡಿನ ಜೊತೆ ಅದು ಹೈಡ್ರೋಜನ್ ಬಿಡುತ್ತದೆ.

ಅರ್ಧ ಕರಗಿದ ಡ್ರಮ್ಮಿನಿಂದ ಎಳೆದರೇನು ಎಂದು ಕೇಳುವವರಿಗೆ ಒಂದು ಮಾತು. ಐದರಲ್ಲಿ ನಾಲ್ಕು ಪಾಲು ಗಡ್ಡೆಯಾಗಿದ್ದ, ಶೇಕಡಾ 99.7ರ ಶುದ್ಧತೆಯ ಡ್ರಮ್ಮಿನ ದ್ರವವನ್ನು ಟೈಟ್ರೇಟ್ ಮಾಡಿ (ಆಸಿಡ್ ಎಷ್ಟಿದೆಯೆಂದು ಅಳೆದು) ನೋಡಿದೆ. 98.5ರ ಹತ್ತಿರ ಬಂತು. ಗಡ್ಡೆಯಾಗುವುದು ಶುದ್ಧ ಆಸಿಡ್, ನೀರೆಲ್ಲ ಉಳಿದ ದ್ರವಕ್ಕೆ ಸೇರುತ್ತದೆ. ಎಸ್ಟರ್ (ಆಸಿಡ್ಡಿಗೆ ಆಲ್ಕೋಹಾಲ್ ಸೇರಿಸಿ ಮಾಡುವ ವಸ್ತು) ಬ್ಯಾಚಿಗೆ ಈ ಒಂದೂವರೆ ಶೇಕಡಾ ನೀರು ಒಳ್ಳೆಯದಲ್ಲ. ಕೊನೆಯ ಗಡ್ಡೆಯೂ ಕರಗಿ, ಡ್ರಮ್ಮನ್ನು ಒಮ್ಮೆ ಉರುಳಿಸಿ ಕಲಸಿದ ಮೇಲೇ ಸ್ಯಾಂಪಲ್.

ನೀರು ಬೆರೆಸಿಯೇ ಇಟ್ಟರೆ ಹೆಪ್ಪುಗಟ್ಟುವುದಿಲ್ಲವಲ್ಲ ಎಂದು ಬಾಟಲಿಗಳಲ್ಲಿ ಪ್ರಯೋಗ ಮಾಡಿದ್ದೂ ಉಂಟು. ಶೇಕಡಾ ಒಂದು ನೀರಿಗೆ ಹೆಪ್ಪುಗಟ್ಟುವ ಬಿಂದು ಸುಮಾರು 2 ಡಿಗ್ರಿ ಇಳಿಯುತ್ತದೆ. 80ರ ಆಸಿಡ್ ಸೊನ್ನೆಯ ಕೆಳಗೂ ಹರಿಯುತ್ತದೆ, ಬೆಂಕಿಯ ಭಯವೂ ತಗ್ಗುತ್ತದೆ. ಕೊನೆಗೆ ನೀರು ಬೆರೆಸಿಯೇ ಬಳಸುವ ಕೆಲಸವಾದರೆ ಗ್ಲೇಶಿಯಲ್ ತರಿಸುವುದೇ ತಪ್ಪು. ಗ್ಲೇಶಿಯಲ್ಲಿನ ಇನ್ನೊಂದು ಬಾಟಲಿ 12 ಡಿಗ್ರಿಗೆ ಇಳಿದರೂ ದ್ರವವಾಗಿಯೇ ಇತ್ತು, ಬೆರಳಲ್ಲಿ ತಟ್ಟಿದ ಕೂಡಲೇ ಗಡ್ಡೆ ಕಟ್ಟಿತು. ಪಂಪಿನೊಳಗೂ ಇದೇ ಆಗುತ್ತದೆ. ಕಣ್ಣಿಗೆ ದ್ರವ ಕಂಡಿತೆಂದು ಪಂಪು ಹಾಕದೆ ಡ್ರಮ್ಮಿನ ಉಷ್ಣತೆ ನೋಡಿ. 20ರ ಕೆಳಗಿದ್ದರೆ ನಾನು ಎಳೆಯುವುದಿಲ್ಲ.

ಕೈಗವಸು ಬ್ಯೂಟೈಲ್ ರಬ್ಬರಿನದು. ತೆಳು ನೈಟ್ರೈಲಿನಲ್ಲಿ ಕೆಲವೇ ನಿಮಿಷಕ್ಕೆ ಒಳಗೆ ಬರುತ್ತದೆ, ಚರ್ಮದ ಬೂಟು ಹೀರಿ ಇಟ್ಟುಕೊಳ್ಳುತ್ತದೆ. ಗಾಗಲ್ಸ್ ಮೇಲೆ ಫೇಸ್ ಶೀಲ್ಡ್. ಚರ್ಮಕ್ಕೆ ತಾಗಿದಾಗ ಉರಿ ಕಡಿಮೆ ಎಂದು ಬಿಡಬೇಡಿ, ಬೊಬ್ಬೆ ಗಂಟೆಗಳ ಮೇಲೂ ಏಳುತ್ತದೆ. ಬಟ್ಟೆ ಕಳಚಿ 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನೀರು ಬಿಡಬೇಕು. ಕಣ್ಣಿಗಾದರೆ ಇನ್ನೂ ಹೆಚ್ಚು ಹೊತ್ತು, ಆಮೇಲೆ ನೇರ ಡಾಕ್ಟರ ಬಳಿಗೆ.

ದಾಸ್ತಾನಿನಲ್ಲಿ ನಾನು ಬಹಳ ಕಡೆ ನೋಡಿದ ತಪ್ಪು, ಆಸಿಡ್ ಎಲ್ಲ ಒಂದೇ ಜಾತಿ ಎಂದು ಇದನ್ನು ನೈಟ್ರಿಕ್ ಪಕ್ಕ ಇಡುವುದು. ಇದು ಉರಿಯುವ ವಸ್ತು, ಅದು ಉರಿಸುವ ವಸ್ತು. ನೈಟ್ರಿಕ್, ಕ್ರೋಮಿಕ್, ಪೆರಾಕ್ಸೈಡ್, ಪರ್ಮ್ಯಾಂಗನೇಟ್ ಯಾವುದೂ ಇದರ ಕೋಣೆಯಲ್ಲಿ ಇರಕೂಡದು. ಕಾಸ್ಟಿಕ್ ಸೋಡಾ ಬೇರೆ ಗೋಡೆಯ ಆಚೆ.

ಚೆಲ್ಲಿದರೆ ಮೊದಲು ಒಣ ಮರಳಿನ ಕಟ್ಟೆ, ಆಮೇಲೆ ಸೋಡಾ ಆ್ಯಶ್. ಲೀಟರಿಗೆ ಒಂದು ಕಿಲೋಕ್ಕೆ ತುಸು ಕಡಿಮೆ ಹಿಡಿಯುತ್ತದೆ, ಡ್ರಮ್ಮಿಗೆ ಸುಮಾರು 185 ಕಿಲೋ. ಹಾಗಾಗಿ ಒಂದೆರಡು ಚೀಲ ಇಟ್ಟುಕೊಂಡು ಧೈರ್ಯವಾಗಿರಬೇಡಿ. ಅಂಚಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ ಹಾಕಬೇಕು. ಒಂದು ಲೀಟರ್ ಆಸಿಡ್ 200 ಲೀಟರಿಗೂ ಮೇಲೆ ಕಾರ್ಬನ್ ಡೈಆಕ್ಸೈಡ್ ಎಬ್ಬಿಸುತ್ತದೆ. ಗುಂಡಿಯಲ್ಲಿ ಚೆಲ್ಲಿದ್ದರೆ ಆ ಗಾಳಿ ಅಲ್ಲೇ ನಿಂತು ಉಸಿರು ಕಟ್ಟಿಸುತ್ತದೆ, ಒಳಗೆ ಇಳಿಯಕೂಡದು. ಬೇಗ ಆಗಲೆಂದು ಕಾಸ್ಟಿಕ್ ಸುರಿದರೆ ಅದರ ಕಾವಿಗೇ ಆಸಿಡ್ ಫ್ಲ್ಯಾಶ್ ಪಾಯಿಂಟ್ (ಆವಿಗೆ ಬೆಂಕಿ ಹತ್ತುವ ಆ 39 ಡಿಗ್ರಿ) ದಾಟುತ್ತದೆ. ಬೆಂಕಿ ಬಿದ್ದರೆ ಆಲ್ಕೋಹಾಲ್ ತಡೆಯುವ ನೊರೆಯೇ ಬೇಕು, ಮಾಮೂಲಿ ನೊರೆ ಇದರ ಮೇಲೆ ನಿಲ್ಲದೆ ಒಡೆದುಹೋಗುತ್ತದೆ.

ಈಗ ಚಳಿಗಾಲದಲ್ಲಿ ನಮ್ಮಲ್ಲಿ ಇಂಥವೇ ಎರಡು ಕೋಣೆಗಳಿವೆ. ಒಂದರಲ್ಲಿ ನಾಲ್ಕು ಕರಗುತ್ತಿರುವಾಗ ಇನ್ನೊಂದರ ನಾಲ್ಕು ಲೈನಿಗೆ ಹೋಗುತ್ತವೆ. ಸ್ಟೀಮ್ ಹೋಸನ್ನು ಆ ಕಡೆಯಿಂದ ಬಿಚ್ಚಿ, ಸ್ಟೀಮ್ ಪಾಯಿಂಟಿಗೆ ಬ್ಲೈಂಡ್ (ಬಾಯಿ ಮುಚ್ಚುವ ತಟ್ಟೆ) ಹಾಕಿಸಿದೆ.