ಬಣ್ಣ ಹಾಕದೆ ಯೀಸ್ಟಿನ ಒಳಗನ್ನು ನೋಡಿದ್ದು

ತುಮಕೂರಿನ ನಮ್ಮ ಪ್ರಯೋಗಾಲಯದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳು ಯೀಸ್ಟ್ ಮೇಲೆ ಮೆಥಿಲೀನ್ ಬ್ಲೂ ಹನಿಸಿ ನೋಡುತ್ತಾರೆ. ಸತ್ತ ಕೋಶ ನೀಲಿಯಾಗುತ್ತದೆ, ಬದುಕಿರುವುದು ಬಣ್ಣವಿಲ್ಲದೆ ಉಳಿಯುತ್ತದೆ. ಒಳಗೇನಿದೆ ಎಂಬುದು ಅಷ್ಟಾಗಿ ತಿಳಿಯದು. "ಮೇಡಂ, ನೀವು ಬಣ್ಣವೇ ಹಾಕದೆ ಒಳಗನ್ನೆಲ್ಲ ನೋಡಿದ್ದೀರಂತೆ, ಹೇಗೆ?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಬರ್ಲಿನ್ನಿನ ಬೆಸ್ಸಿ-2 ಸಿಂಕ್ರೊಟ್ರಾನಿನ (ಎಲೆಕ್ಟ್ರಾನುಗಳನ್ನು ವೇಗವಾಗಿ ಸುತ್ತಿಸಿ ಪ್ರಖರ ಕಿರಣ ಹೊಮ್ಮಿಸುವ ಯಂತ್ರ) ಮೃದು, ಅಂದರೆ ಕಡಿಮೆ ಶಕ್ತಿಯ, ಕ್ಷ-ಕಿರಣ ಸೂಕ್ಷ್ಮದರ್ಶಕದಲ್ಲಿ ಮಾಡಿದ ಕೆಲಸವದು.

ಭೌತವಿಜ್ಞಾನದ ಭಾಗ ಸುಲಭ. 284ರಿಂದ 543 ಎಲೆಕ್ಟ್ರಾನ್ ವೋಲ್ಟ್ (ಕಿರಣದ ಶಕ್ತಿಯ ಅಳತೆ) ನಡುವಿನ ಕಿರಣಗಳನ್ನು ಇಂಗಾಲ ಚೆನ್ನಾಗಿ ಹೀರುತ್ತದೆ, ನೀರು ಬಹುಪಾಲು ಹಾಯಲು ಬಿಡುತ್ತದೆ. ಹೀಗಾಗಿ ಇಂಗಾಲ ದಟ್ಟವಾಗಿರುವ ಕೊಬ್ಬಿನ ಹನಿಗಳು ಕಪ್ಪಾಗಿ ಕಾಣುತ್ತವೆ, ನೀರು ತುಂಬಿದ ಚೀಲದಂಥ ರಸದಾನಿ ತಿಳಿಯಾಗಿರುತ್ತದೆ.

ಕಷ್ಟವೆಲ್ಲ ಹೆಪ್ಪುಗಟ್ಟಿಸುವುದರಲ್ಲಿ. ಮೂರು ಆಯಾಮದ ಚಿತ್ರಕ್ಕೆ ಕೋಶವನ್ನು ವಾಲಿಸುತ್ತ ಹಲವು ಕೋನಗಳಿಂದ ಚಿತ್ರ ತೆಗೆಯಬೇಕು; ಅದಕ್ಕೆ ಬೇಕಾಗುವಷ್ಟು ಕಿರಣ ಬಿದ್ದರೆ ಕೋಶ ಬದುಕುವುದಿಲ್ಲ. ಆದ್ದರಿಂದ ಬದುಕಿದ್ದಾಗ ಇದ್ದ ಸ್ಥಿತಿಯಲ್ಲೇ ಅದನ್ನು ಕ್ಷಣಾರ್ಧದಲ್ಲಿ ಹಿಡಿದಿಡಬೇಕು. 3 ಮಿಲಿಮೀಟರ್ ಅಗಲದ ಗ್ರಿಡ್ (ಸಣ್ಣ ಲೋಹದ ಜಾಲರಿ) ಮೇಲೆ ಯೀಸ್ಟ್ ಹನಿಯಿಟ್ಟು, ಹೆಚ್ಚಿನ ನೀರನ್ನು ಫಿಲ್ಟರ್ ಕಾಗದಕ್ಕೆ ಹೀರಿಸಿ, ದ್ರವ ಈಥೇನಿಗೆ ಬೀಳಿಸುತ್ತಿದ್ದೆ. ನೇರವಾಗಿ ದ್ರವ ಸಾರಜನಕಕ್ಕೇ ಹಾಕಿದರೆ ಅದು ತಕ್ಷಣ ಕುದಿಯುತ್ತದೆ. ಕಾದ ಕಾವಲಿಯ ಮೇಲೆ ನೀರಹನಿ ತನ್ನದೇ ಆವಿಯ ಮೇಲೆ ಉರುಳಾಡುವಂತೆ, ಗ್ರಿಡ್ಡಿನ ಸುತ್ತ ಅನಿಲದ ಪದರ ಕಟ್ಟಿಕೊಳ್ಳುತ್ತದೆ. ತಣಿಯುವುದು ತಡವಾದಷ್ಟೂ ಹಿಮದ ಹರಳು ಮೂಡಿ ಕೋಶದ ಪೊರೆಗಳನ್ನು ಸೀಳುತ್ತದೆ.

ಕಾಗದವನ್ನು ಎಷ್ಟು ಹೊತ್ತು ಒತ್ತಬೇಕೆಂಬುದು ಕೈಪಿಡಿ ಓದಿ ಬರುವ ವಿದ್ಯೆಯಲ್ಲ. ಕಡಿಮೆಯಾದರೆ ಹಿಮದ ಪದರ ದಪ್ಪವಾಗಿ, ಗ್ರಿಡ್ಡನ್ನು ಓರೆ ಮಾಡಿದಾಗ ಕಿರಣ ತೂರುವುದಿಲ್ಲ. ಹೆಚ್ಚಾದರೆ ಕೋಶ ಒಣಗಿ ಚಪ್ಪಟೆಯಾಗುತ್ತದೆ. ಸುಮಾರು 5 ಮೈಕ್ರೊಮೀಟರ್ ಗಾತ್ರದ ಯೀಸ್ಟ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಚಪ್ಪಟೆ ಗ್ರಿಡ್ಡನ್ನು ಎರಡೂ ಕಡೆಗೆ ಸುಮಾರು 60 ಡಿಗ್ರಿಯಷ್ಟೇ ವಾಲಿಸಬಹುದು, ಹಾಗಾಗಿ ಕೋಶದ ಮೇಲಿನ ಮತ್ತು ಕೆಳಗಿನ ಪೊರೆ ಚಿತ್ರದಲ್ಲಿ ಮಸುಕಾಗುತ್ತದೆ. ಸಪೂರ ಗಾಜಿನ ನಳಿಕೆಯಲ್ಲಿ ಕೋಶ ತುಂಬಿ ಸುತ್ತಲೂ ತಿರುಗಿಸುವವರಿಗೆ ಈ ಕಾಟವಿಲ್ಲ. ಅವರ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚು.

"ಹಾಗಾದರೆ ಅದು ಜೀವಂತ ಕೋಶವಲ್ಲ ಬಿಡಿ" ಎಂದು ಹುಡುಗಿಯೊಬ್ಬಳು ಪಟ್ಟು ಹಿಡಿದಿದ್ದಳು. ಅವಳ ಮಾತು ಸರಿ. ಜಪಾನಿನ ಸಾಕ್ಲಾ ಕ್ಷ-ಕಿರಣ ಲೇಸರಿನಲ್ಲಿ ಜೀವಂತ ಕೋಶದ ಮೇಲೇ ಫೆಮ್ಟೊಸೆಕೆಂಡಿನ, ಅಂದರೆ ಊಹೆಗೂ ನಿಲುಕದಷ್ಟು ಚುಟುಕಾದ, ಮಿಂಚು ಹಾಯಿಸಿ, ಹಾನಿ ಹರಡುವ ಮೊದಲೇ ಚಿತ್ರ ತೆಗೆದಿದ್ದಾರೆ. ಅಲ್ಲಿಯೂ ಒಂದು ಕೋಶಕ್ಕೆ ಒಂದೇ ಮಿಂಚು, ಆಮೇಲೆ ಕೋಶ ಉಳಿಯುವುದಿಲ್ಲ. ವಿಭಜನೆಯ ಹಂತಗಳು ಬೇಕಾದಾಗ ನಾವು ಬೇರೆ ಬೇರೆ ಹೊತ್ತಿಗೆ ಹೆಪ್ಪುಗಟ್ಟಿಸಿದ ಬೇರೆ ಬೇರೆ ಕೋಶಗಳ ಚಿತ್ರಗಳನ್ನು ಸಾಲಾಗಿ ಜೋಡಿಸಿಕೊಳ್ಳುತ್ತಿದ್ದೆವು.