ಕಾರ್ನಿವಲ್‌ಗೆ ಫ್ಲೋಟ್ ಕಟ್ಟುವ ಕೆಲಸ

ನಾನು ಗದಗ ಕಡೆಯವನು, ವಾಸ್ಕೋದಲ್ಲಿ ವೆಲ್ಡಿಂಗ್ ಕೆಲಸ. ಸಂಕ್ರಾಂತಿ ಮುಗಿಯಿತೆಂದರೆ ಗೇಟು, ಗ್ರಿಲ್ ಎಲ್ಲ ಬದಿಗಿಟ್ಟು ಫ್ಲೋಟ್, ಅಂದರೆ ಮೆರವಣಿಗೆಗೆ ಅಲಂಕರಿಸಿದ ಲಾರಿ, ಕಟ್ಟಲು ನಿಲ್ಲುತ್ತೇನೆ. ಕ್ರೈಸ್ತರ 40 ದಿನಗಳ ಉಪವಾಸ ಬೂದಿ ಬುಧವಾರ ಶುರು. ಅದರ ಹಿಂದಿನ ಶನಿವಾರದಿಂದ ಮಂಗಳವಾರದವರೆಗೆ ಗೋವಾದಲ್ಲಿ ಕಾರ್ನಿವಲ್. ಪೋರ್ಚುಗೀಸರು ತಂದ ಹಬ್ಬ, ಕೊಂಕಣಿಯವರ ಬಾಯಲ್ಲಿ ಇಂತ್ರೂಜ್. ಈಗಿನ ಮೆರವಣಿಗೆ 1965ರಲ್ಲಿ ಪಣಜಿಯಲ್ಲಿ ಶುರುವಾಯಿತಂತೆ. ಮುಂದೆ ಹಬ್ಬದ ರಾಜನ ವೇಷದ ಕಿಂಗ್ ಮೊಮೊ, ಹಿಂದೆ ನಮ್ಮ ಲಾರಿಗಳು.

ಒಂದು ಕ್ಲಬ್‌ನವರಿಗೆ ಫ್ಲೋಟ್ ಮೇಲೆ ಫೆನಿ, ಅಂದರೆ ಗೋಡಂಬಿ ಹಣ್ಣಿನ ಸಾರಾಯಿ, ಇಳಿಸುವ ಭಟ್ಟಿ ಬೇಕಿತ್ತು. ಲಾರಿಗೆ ನಾನು ವೆಲ್ಡ್ ಹೊಡೆಯುವುದಿಲ್ಲ. ಹಬ್ಬ ಮುಗಿದ ಮೇಲೆ ಮಾಲೀಕನಿಗೆ ಲಾರಿ ಇದ್ದ ಹಾಗೇ ಕೊಡಬೇಕಲ್ವಾ? ಅದಕ್ಕೆ ಚೌಕ ಪೈಪಿನ ಫ್ರೇಮ್ ಬೇರೆಯಾಗಿ ಕಟ್ಟಿ, ಕ್ಲಾಂಪು ಬೋಲ್ಟು ಹಾಕಿ ಕೂರಿಸುತ್ತೇನೆ. ಎತ್ತರ ನಿರ್ಧರಿಸುವ ಮುಂಚೆ ಮೆರವಣಿಗೆಯ ದಾರಿಯಲ್ಲಿ ಬೈಕ್ ಓಡಿಸಿ ಕರೆಂಟ್ ವೈರುಗಳನ್ನು ನೋಡಿಕೊಂಡು ಬರುತ್ತೇನೆ. ಜನರೇಟರ್ ಹಿಂದಕ್ಕೆ, ಅದರ ಹೊಗೆ ಕುಣಿಯುವವರ ಮುಖಕ್ಕೆ ಬರಬಾರದು.

ಫೆನಿಗೆ ರಸ ತೆಗೆಯಲು ಹಣ್ಣು ತುಳಿಯುವ ಕಲ್ಲಿನ ತೊಟ್ಟಿಗೆ ಇಲ್ಲಿ ಕೊಳಂಬಿ ಎನ್ನುತ್ತಾರೆ. ನಿಜವಾದ ಕಲ್ಲು ಹೇರಿದರೆ ಲಾರಿಗೆ ಸುಮ್ನೆ ಭಾರ. ಕೋಳಿ ಜಾಲರಿ ಬಗ್ಗಿಸಿ, ಮೈದಾ ಅಂಟಿನಲ್ಲಿ ಪೇಪರ್ ಪದರ ಪದರವಾಗಿ ಅಂಟಿಸಿ, ಒಣಗಿದ ಮೇಲೆ ಜಂಬಿಟ್ಟಿಗೆ ಬಣ್ಣ ಹೊಡೆದೆವು. ಹಬ್ಬ ಫೆಬ್ರವರಿ ಮಧ್ಯದಲ್ಲಿ ಬಂದರೆ ಗೋಡಂಬಿ ಹಣ್ಣು ಸಿಗುವುದು ಕಷ್ಟ, ಸ್ಪಂಜಿನದ್ದು ಮಾಡಬೇಕು. ಮಾರ್ಚ್ ಹತ್ತಿರವಾದರೆ ನಿಜವಾದದ್ದೇ ಬುಟ್ಟಿಗಟ್ಟಲೆ ಬರುತ್ತದೆ. ಆಗ ವಾಸನೆಗೇ ಜನ ತಿರುಗಿ ನೋಡುತ್ತಾರೆ.

ಗೊಂಬೆ ನಿಲ್ಲಿಸಿದ ಫ್ಲೋಟ್ ನನಗೆ ಇಷ್ಟವಿಲ್ಲ. ಮೇಲಿರುವವನು ಹಣ್ಣು ತುಳಿಯುತ್ತಿರಬೇಕು, ಇನ್ನೊಬ್ಬ ಭಟ್ಟಿಯ ಮಡಕೆಗೆ ನೀರು ಹೊಯ್ಯುತ್ತಿರಬೇಕು. ಬೆಂಕಿ ಮಾತ್ರ ಬೇಡ, ಕೆಂಪು ಬಲ್ಬು ಸಾಕು. ಬರೀ ಕಂಪನಿ ಬ್ಯಾನರ್ ಸುತ್ತಿಕೊಂಡು ಬರುವ ಲಾರಿಗಳು ಈಚೆಗೆ ಜಾಸ್ತಿಯಾಗಿವೆ. ಅದು ಜಾಹೀರಾತು, ಇಂತ್ರೂಜ್ ಅಲ್ಲ.

ಹಳೆಯ ಇಂತ್ರೂಜ್ ನೋಡಬೇಕಿದ್ದರೆ ಹಬ್ಬದ ಸೋಮವಾರ ದಕ್ಷಿಣ ಗೋವಾದ ಚಾಂದೋರ್ ಊರಿಗೆ ಹೋಗಿ. ಅಲ್ಲಿನ ಕ್ರೈಸ್ತರು ಒನಕೆ ಹಿಡಿದು, ನೆಲಕ್ಕೆ ಕುಟ್ಟುತ್ತ ಮುಸಳ್ ಖೇಳ್ ಕುಣಿಯುತ್ತಾರೆ. ಒಂದು ಕಾಲಕ್ಕೆ ಆ ಊರು ಗೋವಾ ಕದಂಬರ ರಾಜಧಾನಿ. ವಾಸ್ಕೋದ ಮೆರವಣಿಗೆಯೂ ಸೋಮವಾರವೇ, ಹಾಗಾಗಿ ಲಾರಿ ನಿಲ್ಲಿಸಿಯೇ ನಾನು ಅತ್ತ ಓಡಬೇಕು.

ಬುಧವಾರ ಬೋಲ್ಟ್ ಬಿಚ್ಚಿ ಪೈಪ್ ವಾಪಸ್ ತರುತ್ತೇನೆ. ಗುಜರಿಗೆ ಹಾಕುವುದಿಲ್ಲ. ಕೆಲವು ವಾರಕ್ಕೆ ಶಿಗ್ಮೊ, ಗೋವಾದ ಹೋಳಿ ಹಬ್ಬ, ಬರುತ್ತದೆ, ಅದೇ ಫ್ರೇಮಿನ ಮೇಲೆ ಹನುಮಂತನನ್ನು ಕೂರಿಸಬೇಕು.